ಟೂರಿಗೆ ದಿನ ನೋಡುತ್ತಿದ್ದವರು

ನಮ್ಮ ಹಟ್ಟಿಯಿಂದ ವರ್ಷಕ್ಕೊಮ್ಮೆ ಟೂರ್ ಹೊರಡುವ ಮೊದಲು ದೊಡ್ಡಪ್ಪ ಹಾಸಿಗೆ ಹಿಡಿದವರ ಮನೆಗಳಿಗೆಲ್ಲ ಒಂದು ಸುತ್ತು ಹೋಗಿಬರುತ್ತಿದ್ದರು. ಬಸ್ಸು ಗೊತ್ತುಮಾಡುವುದಕ್ಕೆ ಮೊದಲು, ಯಾವ ಊರಿಗೆ ಎಂದು ತೀರ್ಮಾನಿಸುವುದಕ್ಕೂ ಮೊದಲು, ಈ ಕೆಲಸ. ಮುದುಕರ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುವುದು, ಕೊಟ್ಟ ಕಾಫಿ ಕುಡಿಯುವುದು, ಕಂಬಳಿಯ ತುದಿ ಸರಿಸಿ ಪಾದದ ಊತ ನೋಡುವುದು, ಹೊರಡುವಾಗ ಬಾಗಿಲ ಬಳಿ ಸೊಸೆಯನ್ನು ನಿಲ್ಲಿಸಿ ಊಟ ಸೇರುತ್ತಿದೆಯೇ ಎಂದು ಮೆಲ್ಲಗೆ ಕೇಳುವುದು. ದಾರಿಯಲ್ಲಿ ನನ್ನಂಥವನು ಎದುರಾದರೆ, "ಮಾರ್ಚ್ ದಾಟ್ತಾರೆ" ಎನ್ನುವರು. ಇಲ್ಲವೇ ಲೊಚಗುಟ್ಟಿ ಮುಂದೆ ಹೋಗುವರು. ಲೊಚಗುಟ್ಟಿದರೆ ಈ ಸಲ ಟೂರ್ ತಡ ಎಂದು ನಮಗೆ ಗೊತ್ತಾಗುತ್ತಿತ್ತು.

ಹೊರಗಿನವರಿಗೆ ಇದು ಕ್ರೂರವಾಗಿ ಕಾಣಬಹುದು. ಆದರೆ ನೀಲಗಿರಿಯ ನಮ್ಮ ಬಡಗರ ಹಟ್ಟಿಗಳಲ್ಲಿ ಒಂದು ಸಾವಾದರೆ ಎಲ್ಲರೂ ಇರಬೇಕು. ಆಫೀಸಿನಲ್ಲಿರಲಿ, ಫ್ಯಾಕ್ಟರಿಯಲ್ಲಿರಲಿ, ತೋಟದಲ್ಲಿ ಟೀ ಎಲೆ ಕೀಳುತ್ತಿರಲಿ, ಕೆಲಸ ಬಿಟ್ಟು ಬರಬೇಕು. ಹಟ್ಟಿಯ ಅರ್ಧ ಜನ ಬಸ್ಸಿನಲ್ಲಿ ಹೊರಟಿರುವಾಗ ಯಾರಾದರೂ ತೀರಿಕೊಂಡರೆ ಬಸ್ಸು ಎಲ್ಲಿದ್ದರೂ ಅಲ್ಲಿಂದಲೇ ತಿರುಗುತ್ತದೆ. ಇದರಲ್ಲಿ ಚರ್ಚೆಯಿಲ್ಲ. ಹಾಗಾಗಿ ರಜೆಗೆ ಯೋಜನೆ ಹಾಕುವುದೆಂದರೆ ನಮ್ಮಲ್ಲಿ ಮೊದಲು ಸಾವಿನ ಅಂದಾಜು ಹಾಕುವುದು. ಆ ಅಂದಾಜನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರೊಬ್ಬರಿಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಾನು ತಪ್ಪಾಗಿ ನೆನಪಿಟ್ಟುಕೊಂಡದ್ದನ್ನೆಲ್ಲ ಹಟ್ಟಿಯವರು ಒಂದೊಂದಾಗಿ ಎತ್ತಿ ತೋರಿಸುತ್ತಾರೆ. ಒಂದೇ ಹಟ್ಟಿಯವರಾದ್ದರಿಂದ ನನಗೆ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡವ್ವ. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ಹತ್ತಿರ ತಂದು ಬರೆದಿದ್ದೇನೆ. ಅವರು ಆಡುತ್ತಿದ್ದುದು ಬಡಗ. ಅದರ ನಡುವೆ ತಮಿಳು ಬೇಕಾದಷ್ಟು. ನಾನು ಮೈಸೂರಿನಲ್ಲಿ ಓದಿ ಬಂದವನೆಂದು ನನ್ನೊಡನೆ ಮಾತ್ರ ತುಸು ಮೈಸೂರಿನ ಧಾಟಿ ಹಚ್ಚುತ್ತಿದ್ದರು ಎಂಬ ಅನುಮಾನವೂ ಇದೆ. ಆದ್ದರಿಂದ ಉದ್ಧರಣ ಚಿಹ್ನೆಯೊಳಗೆ ಇರುವುದನ್ನೆಲ್ಲ ಅವರು ಹಾಗೆಯೇ ಹೇಳಿದರೆಂದು ನಾನು ಆಣೆ ಮಾಡಲಾರೆ.

ಕೆಲಸದಲ್ಲಿದ್ದಾಗ ಅವರು ಬಸ್ ಕಂಡಕ್ಟರ್. ಊಟಿಯಿಂದ ಗೂಡಲೂರು, ಗೂಡಲೂರಿನಿಂದ ಪಂದಲೂರು, ಕೆಲವು ವರ್ಷ ಕೋಳಿಕ್ಕೋಡಿನ ಬಸ್ಸು. ನಿವೃತ್ತಿಯಾದ ಮೇಲೂ ಮನೆಯಲ್ಲಿ ನಿಂತು ಮಾತಾಡುವಾಗ ಬಾಗಿಲ ಚೌಕಟ್ಟಿಗೆ ಸೊಂಟ ಒರಗಿಸಿ, ಕಾಲು ಅಗಲಿಸಿ, ನೆಲವೇ ತಿರುವಿನಲ್ಲಿ ವಾಲುತ್ತಿದೆ ಎನ್ನುವ ಹಾಗೆ ನಿಲ್ಲುತ್ತಿದ್ದರು. ಮದುವೆಮನೆಯಲ್ಲಿ ಊಟದ ಬಾಗಿಲಲ್ಲಿ ಜನ ಗುಂಪುಗೂಡಿದರೆ "ಒಳಗೆ ಹೋಗಿ, ಒಳಗೆ ಜಾಗ ಇದೆ" ಎಂದು ಗದರುವರು. ಯಾರೂ ಅವರನ್ನು ಅದಕ್ಕೆ ನೇಮಿಸಿರಲಿಲ್ಲ.

ಟೂರಿನ ವಿಷಯದಲ್ಲೂ ಯಾರೂ ನೇಮಿಸಿರಲಿಲ್ಲ. ಆದರೆ ಅವರ ನಿಯಮ ಮೀರಿ ಹೋದವರಿಗೆ ಏನಾದರೂ ಒಂದು ಕೆಡುತ್ತಿತ್ತು. ಕೆಡದಿದ್ದರೆ ಕೆಟ್ಟಿತೆಂದು ಅವರೇ ಸಾಧಿಸುತ್ತಿದ್ದರು.

"ಕೂಸು, ಕೇಳು," ಎಂದು ಶುರುಮಾಡುವರು. ನನಗೆ ಮೂವತ್ತು ದಾಟಿದ ಮೇಲೂ ನಾನು ಕೂಸೇ. "ಸೀಸನ್‌ನಲ್ಲಿ ಕೆಳಗಿನವರು ಮೇಲೆ ಬರ್ತಾರೆ. ಆವಾಗ ಎಂಗ ಹಟ್ಟಿ ಜನ ಕೆಳಗೆ ಹೋಗ್ಬಾರದು. ಎದುರು ಬರೋ ಗಾಡಿ ನೋಡ್ತಾ ಘಾಟಿನಲ್ಲೇ ರಜೆ ಮುಗಿದುಹೋಗುತ್ತೆ. ಜನವರಿಯಲ್ಲಿ ಹಿಮ ಬಿದ್ದು ಎಲೆ ಸುಡುತ್ತೆ ನೋಡು, ಆವಾಗ ಹೊರಡು. ತೋಟದಲ್ಲಿ ಇದ್ದು ಮಾಡೋದೇನು? ಕರಕಲು ಗಿಡ ನೋಡಿ ಅಳೋದಾ?"

ಮೊದಲ ದಿನ ದೂರದ ಊರು ಇಟ್ಟುಕೊಳ್ಳಬಾರದು. ದಿನಕ್ಕೆ ಒಂದು ದೇವಸ್ಥಾನ, ಒಂದು ಮೋಜು, ಅದಕ್ಕಿಂತ ಹೆಚ್ಚು ಬೇಡ. "ಎರಡು ದೇವ್ರನ್ನ ಒಂದೇ ದಿನ ನೋಡಿದ್ರೆ ಯಾವ ದೇವ್ರ ಹತ್ರ ಏನು ಕೇಳಿದ್ವಿ ಅಂತ ಮರೆತುಹೋಗುತ್ತೆ." ಮೈಸೂರಿನಿಂದ ವಾಪಸ್ಸು ಬರುವಾಗ ಕಾಡಿನ ಗೇಟು ಮುಚ್ಚುವುದಕ್ಕೆ ಸಾಕಷ್ಟು ಮೊದಲೇ ಗುಂಡ್ಲುಪೇಟೆ ಬಿಡಬೇಕು. ಅಲ್ಲಿ ಟೀ ಕುಡಿಯುತ್ತೇವೆ ಎಂದವರನ್ನು ಅಲ್ಲೇ ಬಿಟ್ಟು ಬರಬೇಕು. ಸ್ವೆಟರನ್ನು ಚೀಲದ ಅಡಿಗೆ ತುರುಕಬಾರದು, ಮೇಲೆಯೇ ಇಡಬೇಕು. ಕೆಳಗೆ ಬೇಡವಾದ ಸ್ವೆಟರು ಕೊನೆಯ ಘಾಟಿನಲ್ಲಿ ಬೇಕಾಗುತ್ತದೆ. ಆಗ ಕತ್ತಲಲ್ಲಿ ತಡಕಾಡಿ ಪಕ್ಕದವರ ಕಣ್ಣಿಗೆ ಮೊಣಕೈ ತಿವಿಯುತ್ತಾರೆ.

ನೆಂಟರ ಬಗ್ಗೆ ಅವರಿಗೆ ವಿಶೇಷ ಭಯವಿತ್ತು. ಮಸಿನಗುಡಿಯ ದಾರಿಯಲ್ಲಿ ಹೋಗುವಾಗ ಒಬ್ಬಾಕೆ, "ಮಾವನಲ್ಲ ಅನ್ನೋ ಊರಲ್ಲಿ ಎನ್ನ ತಂಗಿ ಮನೆ ಇದೆ, ಒಂದೈದು ನಿಮಿಷ," ಎಂದಳಂತೆ.

"ಐದು ನಿಮಿಷದ ತಂಗಿ ಯಾರಿಗೂ ಇಲ್ಲೆ," ಎಂದು ಅವರು ಡ್ರೈವರಿಗೆ ನಿಲ್ಲಿಸದಂತೆ ಹೇಳಿದರು. ಆಕೆ ಆ ವರ್ಷವಿಡೀ ಅವರೊಡನೆ ಮಾತು ಬಿಟ್ಟಳು. "ಒಳ್ಳೇದೇ ಆಯ್ತು. ಬಸ್ಸು ಟೈಮಿಗೆ ಹೋಯ್ತು," ಎಂದರು.

ನಮ್ಮ ಜನಕ್ಕೆ ಘಾಟಿನ ತಿರುವುಗಳಲ್ಲಿ ಏನೂ ಆಗುವುದಿಲ್ಲ, ಕೆಳಗಿನ ನೇರ ರಸ್ತೆಯಲ್ಲೇ ತಲೆ ಸುತ್ತಿ ವಾಂತಿಯಾಗುವುದು ಎಂಬುದು ಅವರ ಇನ್ನೊಂದು ಸಿದ್ಧಾಂತ. ನಾನು ಇದನ್ನು ಬಲವಾಗಿ ವಿರೋಧಿಸಿದ್ದೆ. ಕಿವಿಯೊಳಗಿನ ದ್ರವ, ಸಮತೋಲನ ಎಂದೆಲ್ಲ ವಿವರಿಸಿದ್ದೆ. ಅವರು ಕೇಳಿಸಿಕೊಂಡು, "ಹಾಂ, ಅದು ಕೆಳಗಿನವರ ಕಿವಿ," ಎಂದರು. ಅವರು ತಪ್ಪು, ನಾನು ಸರಿ. ಆದರೆ ಆಮೇಲೆ ನಂಜನಗೂಡಿನ ನೇರ ರಸ್ತೆಯಲ್ಲಿ ನಾನೇ ಬಸ್ಸು ನಿಲ್ಲಿಸಿ ಇಳಿದದ್ದುಂಟು.

ಮುದುಕರಿಗೆ ಅವರು ಏಕೆ ಬರುತ್ತಾರೆಂದು ಚೆನ್ನಾಗಿ ಗೊತ್ತಿತ್ತು. ಮೇಲಿನ ಸಾಲಿನ ಮನೆಯಲ್ಲಿ ಒಬ್ಬ ಹೆತ್ತೆ ಇದ್ದಳು. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ಇವರು ಸ್ಟೂಲ್ ಎಳೆದ ಸದ್ದಿಗೇ ಆಕೆ ಕಣ್ಣು ಮುಚ್ಚಿಕೊಂಡೇ, "ಯಾವ ಊರಿಗೋ ಈ ಸಲ?" ಎಂದು ಕೇಳುತ್ತಿದ್ದಳು.

"ನಂಜನಗೂಡು, ಹೆತ್ತೆ."

"ಹೋಗಿ ಬಾ. ಬಸ್ಸು ತಿರುಗಿ ಬರೋವರೆಗೆ ನಾ ಎಲ್ಲಿಗೂ ಹೋಗೋದಿಲ್ಲೆ. ಎನಗೆ ರಸಬಾಳೆ ತಾ."

"ಹಣ್ಣು ತಿಂದು ಹೋಗ್ತೀಯಾ?"

"ಹಣ್ಣು ಹೇಗಿದೆ ನೋಡಿ ಹೇಳ್ತೀನಿ."

ಆಕೆ ರಸಬಾಳೆ ತಿಂದು, ಮರುವರ್ಷವೂ ತಿಂದು, ಅದರ ಮರುವರ್ಷ ಸಿಪ್ಪೆ ದಪ್ಪ ಎಂದು ದೂರಿ, ಕೊನೆಗೆ ಯಾವ ಟೂರೂ ಇಲ್ಲದ ಮಳೆಗಾಲದಲ್ಲಿ ತೀರಿಕೊಂಡಳು. "ಮಾತು ಅಂದ್ರೆ ಮಾತು," ಎಂದು ಅವರು ಮಣ್ಣಿನ ದಿನ ಎಲ್ಲರೆದುರು ಹೊಗಳಿದರು. ಅವರ ಕಣ್ಣು ಒದ್ದೆಯಾಗಿತ್ತು ಎಂದು ನನ್ನ ನೆನಪು. ಆ ದಿನ ಮಳೆಯೂ ಇತ್ತು, ಆದ್ದರಿಂದ ಖಚಿತವಾಗಿ ಹೇಳಲಾರೆ.

ಅವರಿಗೆ ಸಾಧ್ಯವಾಗದೆ ಉಳಿದದ್ದು ಒಂದೇ ಊರು, ಕಡಲ ದಡದ ಕೋಳಿಕ್ಕೋಡು. ದೊಡ್ಡವ್ವ ಸಮುದ್ರ ನೋಡಿರಲಿಲ್ಲ. ಗಂಡ ಕೋಳಿಕ್ಕೋಡಿನ ಬಸ್ಸಿನಲ್ಲಿದ್ದ ಕಾಲದಿಂದ ಕೇಳುತ್ತಿದ್ದರು. ಡ್ಯೂಟಿಯ ಬಸ್ಸಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋಗುವುದು ಅವರಿಗೆ ನಾಚಿಕೆ. ಆಮೇಲೆ ಟೂರಿನಲ್ಲಿ ಹೋದರಾಯಿತು ಎಂದರು. ಮೊದಲ ಸಲ ಹೊರಟಾಗ ಬಸ್ಸು ಗೂಡಲೂರಿನಲ್ಲಿ ಟೀಗೆ ನಿಂತಿತ್ತು. ಫೋನ್ ಬಂತು. ಅವರ ಅಂದಾಜಿನ ಪಟ್ಟಿಯಲ್ಲೇ ಇರದ, ದಿನಾ ಎಲೆಯ ಮೂಟೆ ಹೊರುತ್ತಿದ್ದ ಗಟ್ಟಿಮುಟ್ಟಾದ ಒಬ್ಬರು ಅಂಗಳದಲ್ಲಿ ಕುಸಿದುಬಿದ್ದಿದ್ದರು. ಬಸ್ಸು ತಿರುಗಿತು.

"ರೋಗ ಇರಲಿಲ್ಲೆ, ವಯಸ್ಸಾಗಿರಲಿಲ್ಲೆ," ಎಂದು ಅವರು ಎಷ್ಟೋ ತಿಂಗಳು ಗೊಣಗಿದರು. "ಎನ್ನ ಮೇಲಿನ ಹಟಕ್ಕೇ ಹೋದ."

ದೊಡ್ಡವ್ವ, "ಸತ್ತವರ ಮೇಲೂ ನಿಮಗೆ ಕಂಪ್ಲೇಂಟಾ?" ಎಂದು ಬೈದರು. ಮುಂದಿನ ವರ್ಷಗಳಲ್ಲಿ ಹಟ್ಟಿಯವರು ಮೈಸೂರನ್ನೇ ಕೇಳಿದರು, ಬೆಟ್ಟದ ದೇವರನ್ನೇ ಕೇಳಿದರು. ಸಮುದ್ರ ಮುಂದಕ್ಕೆ ಹೋಗುತ್ತಲೇ ಹೋಯಿತು.

ಅಷ್ಟರಲ್ಲಿ ಅವರಿಗೇ ಕಾಯಿಲೆ ಬಂತು. ಸಕ್ಕರೆ ಕಾಯಿಲೆ ಹಳೆಯದು, ಈಗ ಮೂತ್ರಪಿಂಡ ಕೈಕೊಟ್ಟಿತ್ತು. ಊಟಿಯ ಆಸ್ಪತ್ರೆಗೆ ಹೋಗಿ ಬಂದು ಮಾಡುತ್ತಿದ್ದರು. ಆ ಡಿಸೆಂಬರಿನಲ್ಲಿ ಹಟ್ಟಿಯ ಹಿರಿಯರು ನನ್ನನ್ನು ಕರೆದು, "ನೀನು ಓದಿದವ, ನೋಡಿದ್ರೆ ಗೊತ್ತಾಗುತ್ತೆ. ಸುತ್ತು ಹೋಗಿ ಬಾ," ಎಂದರು. ಯಾರ ಮನೆಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಚಳಿಗಾಲ ಹಟ್ಟಿಯಲ್ಲಿ ಹಾಸಿಗೆ ಹಿಡಿದಿದ್ದವರು ಅವರೊಬ್ಬರೇ.

ನಾನು ಹೋದಾಗ ಅವರು ಹಾಸಿಗೆಯಲ್ಲಿರಲಿಲ್ಲ. ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು, ಗಡ್ಡ ಹೆರೆದು, ಇಸ್ತ್ರಿಯ ಷರಟಿನ ಮೇಲೆ ಸ್ವೆಟರು ಹಾಕಿ, ಕಾಲಿಗೆ ಶೂ ಕಟ್ಟಿ ಕೂತಿದ್ದರು. ನಾನು ಕೂರುವ ಮೊದಲೇ, "ಸ್ಟೂಲ್ ತರಿಸ್ಲಾ?" ಎಂದು ಕೇಳಿ ನಕ್ಕರು.

ಶೂ ಯಾಕೆ ಎಂದು ನನಗೆ ಆಗಲೇ ಹೊಳೆಯಿತೋ, ಎಷ್ಟೋ ದಿನದ ಮೇಲೆ ಹೊಳೆದದ್ದನ್ನು ಆ ದಿನಕ್ಕೆ ಸೇರಿಸಿಕೊಂಡಿದ್ದೇನೋ ತಿಳಿಯದು. ಶೂವಿನ ಬಾಯಿಯ ಮೇಲೆ ಕಣಕಾಲು ಹಿಟ್ಟಿನ ಹಾಗೆ ಉಬ್ಬಿ ನಿಂತ ಚಿತ್ರವಂತೂ ಕಣ್ಣಲ್ಲಿದೆ.

"ಡೇಟ್ ಹಾಕು," ಎಂದರು. "ಜನವರಿ ಕೊನೆ. ಕೋಳಿಕ್ಕೋಡು."

"ನೀವು ಬರ್ತೀರಾ ದೊಡ್ಡಪ್ಪ?"

"ಎನಗೆ ಯಾಕೆ? ನಾ ಸಾವಿರ ಸಲ ನೋಡಿದೀನಿ." ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಅವರು ದನಿ ತಗ್ಗಿಸಿದರು. "ನಾ ಇರೋವಾಗ ಅವಳು ಹೋಗ್ಬೇಕು. ನಾ ಹೋದ್ಮೇಲೆ ಅವಳು ಹೊರಡೋದಿಲ್ಲೆ. ಗಂಡ ಸತ್ತ, ಇವಳು ಸಮುದ್ರ ನೋಡೋಕೆ ಹೊರಟ್ಲು ಅಂತ ಹಟ್ಟಿ ಹೇಳುತ್ತೆ ಅಂತ ಹೆದರ್ತಾಳೆ. ಹೇಳದಿದ್ರೂ ಹೆದರ್ತಾಳೆ. ತಿಳೀತಾ?"

"ನಿಮಗೇನಾದ್ರೂ ಆದ್ರೆ?"

"ಆ ಹೆತ್ತೆ ಬಸ್ಸಿಗೋಸ್ಕರ ಅಷ್ಟು ವರ್ಷ ಕಾದ್ಲು. ನಾ ಒಂದು ದಿನ ಕಾಯೋಕಾಗಲ್ವಾ?"

ನಾನು ಹಿರಿಯರಿಗೆ ಅವರೇ ದಿನ ಹೇಳಿದ್ದಾರೆ ಎಂದಷ್ಟೇ ತಿಳಿಸಿದೆ. ಅವರೇ ಹೇಳಿದ ಮೇಲೆ ಎಲ್ಲರಿಗೂ ನೆಮ್ಮದಿ. ದೊಡ್ಡವ್ವನನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಇವರನ್ನ ಹೀಗೆ ಬಿಟ್ಟು ನಾ ನೀರು ನೋಡೋಕೆ ಹೋಗ್ಲಾ?" ಎಂದು ಅಡುಗೆಮನೆಯಿಂದಲೇ ಕೂಗಿದರು. ಇವರು ಊಟ ಬಿಟ್ಟು ಕೂತರು. ಮಾತ್ರೆ ನುಂಗುವುದಿಲ್ಲ ಎಂದರು. ಕೊನೆಗೆ ಆಕೆ, "ಸಣ್ಣ ಮಕ್ಕಳಿಗಿಂತ ಕಡೆ," ಎಂದು ಚೀಲ ಕಟ್ಟಿದರು. ದೊಡ್ಡಪ್ಪನನ್ನು ನೋಡಿಕೊಳ್ಳಲು ಅವರ ತಮ್ಮನೂ ಪಕ್ಕದ ಮನೆಯ ಹೆಂಗಸೂ ಉಳಿದರು.

ಬಸ್ಸು ಬೆಳಗಿನ ಚಳಿಯಲ್ಲಿ ಹೊರಟಿತು. ಅವರು ಗೋಡೆ ಹಿಡಿದು ರಸ್ತೆಯವರೆಗೆ ನಡೆದು ಬಂದಿದ್ದರು. ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ, "ರೈಟ್," ಎಂದರು. ಗೂಡಲೂರು ದಾಟಿದೆವು. ಅಲ್ಲಿ ಟೀಗೆ ನಿಲ್ಲಿಸುವುದು ಬೇಡ ಎಂದು ದೊಡ್ಡವ್ವನೇ ಹೇಳಿದ್ದರು. ನಾಡುಕಾಣಿಯ ಘಾಟಿ ಇಳಿದು, ಸೆಖೆ ಶುರುವಾಗಿ, ಹೆಂಗಸರು ಸ್ವೆಟರು ಬಿಚ್ಚಿ ಹಾಡತೊಡಗಿದರು. ನಿಲಂಬೂರು ಹಿಂದಾಯಿತು. "ಇನ್ನೆಷ್ಟು ದೂರ?" ಎಂದು ದೊಡ್ಡವ್ವ ಡ್ರೈವರನ್ನು ಕೇಳಿದರು. ಅವನು ಗೂಡಲೂರಿನ ಮಲಯಾಳಿ, ಅಕ್ಕ ಎನ್ನಲು ಚೇಚಿ ಎನ್ನುವವನು. "ಊಟದ ಹೊತ್ತಿಗೆ ಕಡಲು, ಚೇಚಿ," ಎಂದ.

ಫೋನ್ ಬಂದದ್ದು ಆಮೇಲೆ. ನನ್ನ ಫೋನಿಗೆ ಬಂತೆಂದು ನಾನು, ತನ್ನ ಫೋನಿಗೆ ಬಂತೆಂದು ಹಿಂದಿನ ಸೀಟಿನ ಅಕ್ಕ ಇವತ್ತಿಗೂ ವಾದಿಸುತ್ತೇವೆ. ಯಾರ ಫೋನಾದರೇನು, ಸುದ್ದಿ ಒಂದೇ. ಅವರ ತಮ್ಮ ಅಳುತ್ತಿದ್ದ. "ಅಣ್ಣ ಹೋಗಿಬಿಟ್ಟ. ಬಂದುಬಿಡಿ."

ಹಾಡು ನಿಂತಿತು. ಯಾರೂ ಹೇಳದೆ ಡ್ರೈವರ್ ಬಸ್ಸನ್ನು ಅಗಲದ ಜಾಗ ನೋಡಿ ತಿರುಗಿಸಿದ. ದೊಡ್ಡವ್ವ ಸೀಟಿನ ಕಂಬಿಗೆ ಹಣೆ ಬಡಿದುಕೊಂಡು ಅತ್ತರು. ಎಲ್ಲ ಹೆಂಗಸರೂ ಅತ್ತರು. ನಾಡುಕಾಣಿಯ ಘಾಟಿ ಪೂರ್ತಿ ಆ ಅಳುವಿನಲ್ಲೇ ಹತ್ತಿದೆವು. ಮೇಲಕ್ಕೆ ಬಂದ ಹಾಗೆ ಚಳಿ ಮರಳಿತು. ಅಳುತ್ತಲೇ ಒಬ್ಬೊಬ್ಬರೂ ಚೀಲದ ಮೇಲಿನಿಂದ ಸ್ವೆಟರು ತೆಗೆದು ಹಾಕಿಕೊಂಡರು.

ಗೂಡಲೂರಿನಲ್ಲಿ ಸಿಗ್ನಲ್ ಸಿಕ್ಕಿದ ಕೂಡಲೇ ಫೋನ್ ಮತ್ತೆ ರಿಂಗಾಯಿತು. ಅದೇ ತಮ್ಮ. ಅವನ ದನಿಯಲ್ಲಿ ಅಳುವಿರಲಿಲ್ಲ, ನಾಚಿಕೆಯಿತ್ತು. ಅಣ್ಣ ಸತ್ತಿರಲಿಲ್ಲ. ಮಾತ್ರೆ ನುಂಗಿ ಊಟ ಮಾಡದೆ ಇದ್ದದ್ದರಿಂದ ಸಕ್ಕರೆ ಇಳಿದು, ಮೈ ತಣ್ಣಗಾಗಿ, ಕರೆದರೆ ಓಗೊಡದ ಹಾಗೆ ಬಿದ್ದಿದ್ದರು. ಹಟ್ಟಿಯಲ್ಲಿ ಉಳಿದಿದ್ದ ಇಬ್ಬರು ಮುದುಕರು ಮೂಗಿನ ಬಳಿ ಕೈ ಹಿಡಿದು ನೋಡಿ, ಆಯಿತು ಎಂದರು. ಕುರ್ಚಿ ಇಳಿಸಿದರು, ಅಂಗಳಕ್ಕೆ ಟಾರ್ಪಾಲು ಕಟ್ಟಿದರು, ಸುತ್ತಲಿನ ಹಟ್ಟಿಗಳಿಗೆಲ್ಲ ಸುದ್ದಿ ಕಳಿಸಿದರು. ನರ್ಸ್ ಬಂದು ಗ್ಲೂಕೋಸ್ ಹಾಕಿದಾಗ ಅವರು ಕಣ್ಣು ಬಿಟ್ಟು ಟಾರ್ಪಾಲು ನೋಡಿದರಂತೆ.

ಬಸ್ಸಿನಲ್ಲಿ ಮೊದಲು ಯಾರೂ ನಂಬಲಿಲ್ಲ. ಆಮೇಲೆ ನಗು. ಅತ್ತ ಕಣ್ಣುಗಳಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಮುದುಕಪ್ಪಗಳ ಕೈ ಮುರಿಯ! ಮೂಗು ಯಾವ್ದು ಕಿವಿ ಯಾವ್ದು ಗೊತ್ತಿಲ್ಲ!" ಎಂದು ಹಿಂದಿನ ಸೀಟಿನ ಅಕ್ಕ ಕೂಗಿದಳು. ಯಾರೋ, "ಹಾಗಾದ್ರೆ ತಿರುಗಿಸಿ! ಸಮುದ್ರ ಎಲ್ಲೂ ಓಡಿಹೋಗಿಲ್ಲ," ಎಂದರು. ಚಪ್ಪಾಳೆ ಬಿತ್ತು. ಡ್ರೈವರ್ ಗಾಡಿ ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟು, ದೊಡ್ಡವ್ವನ ಕಡೆ ನೋಡಿದ. "ಹೇಳಿ ಚೇಚಿ. ಸಂಜೆಗೆ ಕಡಲು ತೋರಿಸ್ತೀನಿ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಎಲ್ಲರೂ ಕಾಯುತ್ತಿದ್ದೆವು.

"ಬೇಡ ಸಾಮಿ," ಎಂದರು. "ಇಷ್ಟು ಹೊತ್ತು ಅವರು ಸತ್ತರು ಅಂತ ಅತ್ತೆ. ಈಗ ಇದಾರೆ ಅಂದ್ರೆ ಒಂದ್ಸಲ ನೋಡ್ಬೇಡ್ವಾ?"

ಮನೆ ತಲುಪಿದಾಗ ಟಾರ್ಪಾಲು ಇನ್ನೂ ಬಿಚ್ಚಿರಲಿಲ್ಲ. ಸುದ್ದಿ ಕೇಳಿ ಬಂದ ಬೇರೆ ಹಟ್ಟಿಯವರು ಹೋಗಲೂ ಆಗದೆ ಇರಲೂ ಆಗದೆ ಕುರ್ಚಿಗಳಲ್ಲಿ ಕೂತು ಟೀ ಕುಡಿಯುತ್ತಿದ್ದರು. ಅವರು ಒಳಗೆ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಹೆಂಡತಿಯನ್ನು ನೋಡಿದವರೇ, "ಯಾಕೆ ಬಂದೆ?" ಎಂದರು.

"ನೀವು ಸತ್ತಿರಿ ಅಂದ್ರು."

"ಗೂಡಲೂರಲ್ಲಿ ಗೊತ್ತಾಯ್ತಲ್ಲ?"

"ಆಯ್ತು."

"ಮತ್ತೆ ತಿರುಗಿಸ್ಬೇಕಿತ್ತಲ್ಲ!" ಹೊರಗೆ ಕೂತವರಿಗೂ ಕೇಳಿಸುವಷ್ಟು ಕೂಗಿದರು. "ಇನ್ನೊಂದ್ಸಲ ಯಾವಾಗ ಹೋಗ್ತೀಯ? ಹೇಳು, ಯಾವಾಗ?"

ದೊಡ್ಡವ್ವ ಮಂಚದ ತುದಿಯಲ್ಲಿ ಕೂತು ಅವರ ಪಾದವನ್ನು ಮಡಿಲಿಗೆ ಎಳೆದುಕೊಂಡರು. ಆಗ ಕಾಲಿನಲ್ಲಿ ಶೂ ಇರಲಿಲ್ಲ.

ಆಮೇಲಿನ ದಿನಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಅವರು ನನ್ನನ್ನು ಎರಡು ಮೂರು ಸಲ ಕರೆಸಿದರು. ಬಸ್ಸು ಬೇಡ, ಒಂದು ಕಾರು ಸಾಕು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಎಂದರು. ದಾರಿಯನ್ನು ವಿವರಿಸಿದರು. ಊಟ ಎಲ್ಲಿ, ಹೆಂಗಸರಿಗೆ ಶೌಚಕ್ಕೆ ಚೊಕ್ಕಟವಾದ ಜಾಗ ಎಲ್ಲಿ, ಬಿಸಿಲು ಇಳಿದ ಮೇಲೆ ದಡಕ್ಕೆ ಯಾವ ಕಡೆಯಿಂದ ಹೋಗಬೇಕು, ಎಲ್ಲ. ಆ ಹೋಟೆಲುಗಳು ಈಗ ಇವೆಯೋ ಇಲ್ಲವೋ ಅವರಿಗೆ ತಿಳಿದಿರಲಿಲ್ಲ, ಅವರು ಆ ಬಸ್ಸು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ತಲೆಯಾಡಿಸಿದೆ. ದೊಡ್ಡವ್ವ ಹೊಸಿಲು ದಾಟಲಿಲ್ಲ. ಹಟ್ಟಿಯವರೂ ಆ ಸ್ಥಿತಿಯಲ್ಲಿ ಅವರನ್ನು ಬಿಟ್ಟು ಬಸ್ಸು ಹತ್ತಲು ಒಪ್ಪಲಿಲ್ಲ. ಒಂದು ಸಲ ಅತ್ತು ಬಂದವರು, ಸುಳ್ಳಾದದ್ದಕ್ಕೆ ನಕ್ಕವರು, ಈಗ ಅವರ ಮುಖ ನೋಡಲು ಹೆದರುತ್ತಿದ್ದರು. ದೊಡ್ಡಪ್ಪ ಮಾರ್ಚ್ ದಾಟಲಿಲ್ಲ. ಆ ಸಲ ನರ್ಸ್ ಬಂದು ನೋಡಿ ಹೇಳುವವರೆಗೆ ಯಾರೂ ಫೋನ್ ಎತ್ತಲಿಲ್ಲ.

ಮರುವರ್ಷ ಟೂರ್ ಇರಲಿಲ್ಲ. ಅದರಾಚೆ ವರ್ಷ ಯಾರೂ ಸುತ್ತು ಹೋಗಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹಟ್ಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾನುವಾರದ ತಾರೀಖು ಹಾಕಿದಳು, ಜನ ಹೆಬ್ಬೆರಳು ಒತ್ತಿದರು. ಕೋಳಿಕ್ಕೋಡು. ದೊಡ್ಡವ್ವ ತಾವೇ ಚೀಲ ಹಿಡಿದು ಬಂದು ಕಿಟಕಿಯ ಬಳಿ ಕೂತರು. ಹಟ್ಟಿ ಒಂದು ಮಾತೂ ಆಡಲಿಲ್ಲ. ದೊಡ್ಡಪ್ಪ ಹೆದರಿಕೊಂಡಿದ್ದೆಲ್ಲ ಸುಳ್ಳಾಯಿತು ಎಂದು ನನಗೆ ಒಂದು ಕ್ಷಣ ಅನ್ನಿಸಿತು.

ದಡದಲ್ಲಿ ಭಾರೀ ಜನ. ನಮ್ಮ ಹೆಂಗಸರು ಸೀರೆ ಎತ್ತಿ ಕಟ್ಟಿ ಕಿರುಚುತ್ತ ನೀರಿಗೆ ಇಳಿದರು. ದೊಡ್ಡವ್ವ ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಮರಳಿನ ಅಂಚಿನಲ್ಲಿ ನಿಂತರು. ನಾನು ಪಕ್ಕದಲ್ಲಿದ್ದೆ. ಅವರು ನೀರನ್ನು ನೋಡಿದರು, ಒಂದು ಹಡಗನ್ನು ನೋಡಿದರು, ಮತ್ತೆ ನನ್ನ ಜೇಬಿನ ಕಡೆ ನೋಡಿದರು.

"ಫೋನ್ ಏನಾದ್ರೂ ಬಂತಾ ಕೂಸು?"

"ಇಲ್ಲ ದೊಡ್ಡವ್ವ."

"ಸರಿಯಾಗಿ ನೋಡು."

ಫೋನ್ ತೆಗೆದು ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಆದರೂ ಬಿಸಿಲಿಗೆ ಕೈ ಅಡ್ಡ ಹಿಡಿದು ಅದನ್ನೇ ನೋಡಿದರು, ಸಮುದ್ರಕ್ಕಿಂತ ಹೆಚ್ಚು ಹೊತ್ತು. ಆಮೇಲೆ ತಿರುಗಿ ಬಸ್ಸಿನ ಕಡೆ ನಡೆಯತೊಡಗಿದರು. ನಾನು ಹಿಂದೆ ಓಡಿದೆ. "ಈಗ ತಾನೇ ಬಂದ್ವಿ. ಇನ್ನೂ ಸ್ವಲ್ಪ ಹೊತ್ತು ಇರಿ."

"ನೋಡಾಯ್ತು," ಎಂದರು, ನಿಲ್ಲದೆ. "ಹಿಂದಕ್ಕೆ ಕರೆಯೋರೇ ಇಲ್ಲ ಅಂದ್ಮೇಲೆ ಎಷ್ಟು ಹೊತ್ತು ಅಂತ ನಿಲ್ಲೋದು ಕೂಸು?"